ಒಂದನೇ ಅಂಗಡಿಯಲ್ಲಿ ಇದೆ

ಮಾರ್ಚ್ 3, ಸೋಮವಾರ, ಬೆಳಿಗ್ಗೆ 9.40

ಕೋಡಿನ ಬಿಲ್ಡ್ ಹಸಿರು, ಎಲ್ಲ ಸರಿ. ಟೆಸ್ಟ್ 412, ಪಾಸ್ 412. ಕುರ್ಚಿಯ ಚಕ್ರ ಇನ್ನೂ ರಿಪೇರಿ ಆಗಿಲ್ಲ, ಎಡಕ್ಕೆ ವಾಲಿಕೊಂಡೇ ಕೆಲಸ.

ಹಳೆಯ ಎಪಿಐ ಮುಚ್ಚುವುದನ್ನು ನನ್ನ ತಲೆಗೆ ಕಟ್ಟಿದ್ದಾರೆ. ಯಾವ ಅಂಗಡಿಯಲ್ಲಿ ಯಾವ ಔಷಧಿ ಇದೆ ಎಂದು ಬೇರೆಯವರ ಪ್ರೋಗ್ರಾಂಗಳು ಕೇಳುತ್ತವೆ, ನಮ್ಮ ಸರ್ವರ್ “ಇದೆ” ಅಥವಾ “ಇಲ್ಲ” ಎನ್ನುತ್ತದೆ. ಅದರ ಬಾಳು ಇಷ್ಟೇ. ಎಲ್ಲರೂ ಹೊಸದಕ್ಕೆ ಹೋಗಿಯಾಯಿತು. ಉಳಿದವರು ಒಬ್ಬರೇ. ದಿನಾ ಬೆಳಿಗ್ಗೆ 6.10ಕ್ಕೆ ಕೇಳುತ್ತಾರೆ — ಒಂದೇ ಔಷಧಿ, ನಲವತ್ತೊಂದು ಅಂಗಡಿ. ಫಿಟ್ಸ್ ಬರುವ ಮಕ್ಕಳ ಸಿರಪ್. ಕೇಳಿದ್ದರ ದಾಖಲೆ, ಅಂದರೆ ಲಾಗ್, ಒಂದು ತಿಂಗಳದ್ದು ಮಾತ್ರ ಇದೆ. ತಿಂಗಳಿಡೀ ಎಲ್ಲ ಕಡೆ “ಇಲ್ಲ”.

ನೋಂದಣಿ ತೆಗೆದು ನೋಡಿದೆ. ಆರು ವರ್ಷ ಹಳೆಯದು. ಉದ್ದೇಶ ಎಂಬ ಕಡೆ ಬರೆದಿದ್ದಾರೆ: ಸ್ವಂತಕ್ಕೆ, ಮಗಳ ಔಷಧಿ ಹುಡುಕಲು.

ಮಾರ್ಚ್ 5, ಬುಧವಾರ

ನೋಂದಣಿಯಲ್ಲಿದ್ದ ವಿಳಾಸಕ್ಕೆ ಮೂರು ಮೇಲ್ ಹಾಕಿದೆ. ಮೂರೂ ವಾಪಸ್. ಆಗಿನ ಫಾರಂನಲ್ಲಿ ಫೋನ್ ನಂಬರಿನ ಜಾಗವೇ ಇರಲಿಲ್ಲ.

ಮ್ಯಾನೇಜರ್ ಬಳಿ ಹೋದೆ. ಶೇಕಡಾ ಹೇಳದೆ ಬಾಯಿ ಮುಚ್ಚದ ಮನುಷ್ಯ, ನಾವು ಕರೆಯುವುದೇ ಶೇಕಡಾ ಎಂದು.

“ಒಂದು ಗಂಟೆ ಆಫ್ ಮಾಡು. ಯಾರು ಕೂಗ್ತಾರೆ ನೋಡು. ಯಾರೂ ಕೂಗದಿದ್ರೆ ಹದಿನಾಲ್ಕಕ್ಕೆ ಪರ್ಮನೆಂಟ್.”

“ಕೂಗೋಕೆ ಅವರ ಹತ್ರ ನಮ್ಮ ನಂಬರ್ ಇರಬೇಕಲ್ಲ.”

“ತೊಂಬತ್ತೊಂಬತ್ತು ಪರ್ಸೆಂಟ್ ಅದು ಆಫ್ ಮಾಡೋಕೆ ಮರೆತ ಪ್ರೋಗ್ರಾಂ ಕಣೋ. ಆ ಮಗಳಿಗೆ ಎಂದೋ ವಾಸಿ ಆಗಿರುತ್ತೆ.”

ಇರಬಹುದು. ಆದರೆ ಇವರ ಶೇಕಡಾ ಒಂದರೊಳಗೆ ಯಾರಿದ್ದಾರೋ.

ಮಾರ್ಚ್ 7, ಶುಕ್ರವಾರ

ಆರರಿಂದ ಏಳು ಆಫ್. ಪ್ರೋಗ್ರಾಂ ಹತ್ತು ನಿಮಿಷಕ್ಕೊಮ್ಮೆ ಬಂದು ಬಾಗಿಲು ತಟ್ಟಿತು. ಐದು ಸಲ. ಏಳಕ್ಕೆ ನಲವತ್ತೊಂದು “ಇಲ್ಲ” ಪಡೆದು ಸುಮ್ಮನಾಯಿತು. ಯಾರೂ ಕೂಗಲಿಲ್ಲ. ಶೇಕಡಾಗೆ ಖುಷಿ.

ಮಾರ್ಚ್ 10, ಸೋಮವಾರ, ಸಂಜೆ

ಒಂದು ಉಪಾಯ ಹೊಳೆದಿದೆ. ಸರ್ವರ್ ಕಳಿಸುವ ಉತ್ತರದಲ್ಲಿ ಒಂದನೇ ಅಂಗಡಿಯ ಹೆಸರಿನ ಜಾಗದಲ್ಲಿ ಬರೆದೆ — ಈ ಸೇವೆ ನಿಲ್ಲುತ್ತಿದೆ, ದಯವಿಟ್ಟು ಫೋನ್ ಮಾಡಿ. ಪಕ್ಕದಲ್ಲಿ ನನ್ನ ನಂಬರ್. “ಇಲ್ಲ” ಎಂದಿದ್ದರೆ ಯಾರೂ ಹೆಸರು ಓದುವುದಿಲ್ಲ. ಅದಕ್ಕೇ ಸಿರಪ್ “ಇದೆ” ಎಂದು ಹಾಕಿದೆ.

ಟೆಸ್ಟ್ ಕೂಡಲೇ ಕೆಂಪಾಯಿತು. ಪಕ್ಕದ ಮೇಜಿನ ಟೆಸ್ಟರಮ್ಮ ಕುರ್ಚಿ ತಿರುಗಿಸಿದರು.

“ಏನಪ್ಪಾ ಇದು? ಸ್ಟಾಕ್ ಇಲ್ದೇ ‘ಇದೆ’ ಅಂತಿದೆ.”

“ನಾಲ್ಕು ದಿನದ ಮಟ್ಟಿಗೆ. ಆ ಟೆಸ್ಟ್ ಓಡದ ಹಾಗೆ ಸ್ಕಿಪ್ ಹಾಕ್ತೀನಿ.”

“ಸುಳ್ಳು ಹೇಳೋಕೆ ಟೆಸ್ಟ್ ಬಾಯಿ ಮುಚ್ಚಿಸ್ತಿದ್ದೀಯ. ನಿನ್ನಿಷ್ಟ. ನಿನ್ನ ಹೆಸರಲ್ಲಿ ಹಾಕು, ನನ್ನ ತಲೆಗೆ ತರಬೇಡ.”

ಹಾಕಿದೆ.

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 6.20

ನಲವತ್ತೊಂದಲ್ಲ, ಪ್ರೋಗ್ರಾಂನಿಂದ ಒಂದೇ ಒಂದು ಪ್ರಶ್ನೆ! ಒಂದನೇ ಅಂಗಡಿ ಕೇಳಿ ನಿಂತುಬಿಟ್ಟಿತು. ಓದಿದ್ದಾರೆ. ಮನುಷ್ಯರೇ ಓದಿ ನಿಲ್ಲಿಸಿದ್ದಾರೆ.

ಅಡುಗೆಮನೆಯಿಂದ ಅಕ್ಕ: “ಏನೋ ಒಬ್ನೇ ನಗ್ತಿದ್ದೀಯ? ಹುಡುಗಿ ಸಿಕ್ಕಳಾ?”

“ಇಲ್ಲಕ್ಕ, ಯಾರದೋ ಅಪ್ಪ ಸಿಕ್ಕರು.”

“ನಿನ್ನ ಹಣೆಬರಹಕ್ಕೆ ಅದೇ ಸಿಗೋದು.”

ಮಾರ್ಚ್ 12

ಇವತ್ತೂ ಒಂದೇ ಪ್ರಶ್ನೆ. ಫೋನ್ ಬಂದಿಲ್ಲ. ಮೀಟಿಂಗಿನಲ್ಲೂ ಸೈಲೆಂಟ್ ಮಾಡದೆ ಕೂತಿದ್ದೆ. ಸಂಕೋಚದ ಜನ ಇರಬೇಕು...

ಮಾರ್ಚ್ 13, ಗುರುವಾರ, ಮಧ್ಯಾಹ್ನ 12

ಮೂರನೇ ದಿನವೂ ಒಂದೇ ಪ್ರಶ್ನೆ. ಓದಿ ನಿಲ್ಲಿಸಿದವರು ಮತ್ತೆ ಯಾಕೆ ಕೇಳುತ್ತಾರೆ?

ಆ ಪ್ರೋಗ್ರಾಂ ಹುಡುಕುವುದು “ಇದೆ” ಸಿಗುವವರೆಗೆ ಮಾತ್ರ. ಸಿಕ್ಕ ಕೂಡಲೇ ನಿಲ್ಲುತ್ತದೆ. ತಿಂಗಳಿಂದ ಎಲ್ಲೂ ಇರಲಿಲ್ಲ, ಅದಕ್ಕೇ ನಲವತ್ತೊಂದು. ಇಷ್ಟು ಹೊಳೆಯಲಿಲ್ಲ ನನಗೆ. ಹನ್ನೊಂದು ವರ್ಷದ ಅನುಭವ ಬೇರೆ.

ಒಂದನೇ ಅಂಗಡಿಗೆ ಫೋನ್ ಮಾಡಿ, ಆ ಸಿರಪ್ ಕೇಳಿ ಯಾರಾದರೂ ಬಂದಿದ್ದರೇ ಎಂದೆ. ಅಂಗಡಿಯವರು ನೆನಪಿಸಿಕೊಂಡರು.

“ಹೌದು, ಮೂರು ದಿನದಿಂದ ಬೆಳಿಗ್ಗೆ ಬಾಗಿಲು ತೆಗೆಯೋ ಮುಂಚೇನೇ ಬಂದು ನಿಂತಿರ್ತಾರೆ. ಇಲ್ಲ ಅಂದ್ರೆ ಕೇಳಲ್ಲ. ಮೊಬೈಲ್ ತೋರಿಸ್ತಾರೆ, ‘ಅಂಗಡಿ ಒಂದು, ಇದೆ’ ಅಂತ ಅಷ್ಟೇ ಬಂದಿರುತ್ತೆ. ಒಳಗೆ ಇನ್ನೊಂದ್ಸಲ ನೋಡಿ ಅಂತಾರೆ. ನಾನೂ ಎಷ್ಟು ಸಲ ನೋಡ್ಲಿ?”

“ಹೆಸರು, ನಂಬರ್ ಏನಾದ್ರೂ?”

“ಬಿಲ್ ಮಾಡಿದ್ರೆ ತಾನೆ ಹೆಸರು ಬರ್ಕೊಳ್ಳೋದು.”

ಸ್ಟಾಕ್ ದಾಖಲೆ ತೆಗೆದೆ. ಸೋಮವಾರ ರಾತ್ರಿ ಇಪ್ಪತ್ತೇಳನೇ ಅಂಗಡಿಗೆ ಎರಡು ಬಾಟಲಿ ಬಂದಿತ್ತು. ಬುಧವಾರ ಸಂಜೆ ಯಾರಿಗೋ ಮಾರಿಹೋಗಿದೆ. ಎರಡು ಬೆಳಿಗ್ಗೆ ಅದು ಅಲ್ಲೇ ಇತ್ತು. ನಾನು ಸುಮ್ಮನಿದ್ದಿದ್ದರೆ ಅವರಿಗೆ ಸಿಗುತ್ತಿತ್ತು.

ನನ್ನ ಸಾಲು ಅಳಿಸಿದೆ. ಸ್ಕಿಪ್ ತೆಗೆದೆ. 412, 412. ಟೆಸ್ಟರಮ್ಮ ಹಸಿರು ನೋಡಿ ಕುರ್ಚಿ ತಿರುಗಿಸಿಕೊಂಡರು. ಏನಾಯಿತೆಂದು ಕೇಳಿದ್ದರೆ ಚೆನ್ನಾಗಿತ್ತು.

ಮಾರ್ಚ್ 14, ಶುಕ್ರವಾರ

6.10. ಪ್ರೋಗ್ರಾಂನಿಂದ ಪ್ರಶ್ನೆ ಇಲ್ಲ.

6.20. ಇಲ್ಲ.

7.00. ಇಲ್ಲ. ಅಂಗಡಿಯವರಿಗೆ ಫೋನ್ ಮಾಡಿದೆ. “ಇವತ್ತು ಬರ್ಲಿಲ್ಲ. ಬೇರೆ ಕಡೆ ಸಿಕ್ಕಿರಬೇಕು ಬಿಡಿ” ಎಂದರು.

ನಲವತ್ತೊಂದು ಅಂಗಡಿಯಲ್ಲಿ ಎಲ್ಲೂ ಇಲ್ಲ. ದಾಖಲೆ ನಾನೇ ನೋಡಿದ್ದೇನೆ.

ಹನ್ನೊಂದಕ್ಕೆ ಪರ್ಮನೆಂಟ್ ಆಫ್. ಬಟನ್ ನಾನೇ ಒತ್ತಿದೆ. ಶೇಕಡಾ ಬೆನ್ನು ತಟ್ಟಿದರು. “ನೋಡಿದ್ಯಾ? ನೂರಕ್ಕೆ ನೂರು. ಒಬ್ರೂ ಕೂಗ್ಲಿಲ್ಲ.”

ಮಾರ್ಚ್ 17, ಸೋಮವಾರ, 10.15

ಗೊತ್ತಿಲ್ಲದ ನಂಬರ್. ಎತ್ತಿದೆ. ಗಂಡಸಿನ ದನಿ, ನಿಧಾನದ್ದು. ಸರ್ವರ್ ಕಳಿಸಿದ್ದನ್ನೆಲ್ಲ ನಿನ್ನೆ ಕೂತು ಪೂರ್ತಿ ಓದಿದರಂತೆ. ಅಂಗಡಿಯ ಹೆಸರಿನ ಜಾಗದಲ್ಲಿ ಈ ನಂಬರ್ ಇತ್ತಂತೆ.

“ಔಷಧಿ ಇನ್ನು ಬೇಕಾಗಿಲ್ಲ. ‘ಇದೆ’ ಅಂತ ಯಾರು ಬರೆದ್ರು, ಅದೊಂದು ಕೇಳೋಣ ಅಂತ ಫೋನ್ ಮಾಡ್ದೆ” ಎಂದರು.

“ನಾನು” ಎಂದೆ.