ಮುಷ್ಟಿಯೊಳಗಿನ ಹೆಬ್ಬೆರಳು

ಅಕ್ಟೋಬರ್ ೧೪, ನಲ್ಲೂರು

ಹಾಸ್ಟೆಲಿನಿಂದ ರಜೆಗೆ ಮನೆಗೆ ಬಂದಿದ್ದೇನೆ.

ಕಣ್ಣು ಕಾಣದ ದೊಡ್ಡಪ್ಪನನ್ನು ನೋಡಿಕೊಳ್ಳಲೆಂದೇ ಅಪ್ಪ ಮುತ್ತುರಾಜನಿಗೆ ಸಂಬಳ ಕೊಡುತ್ತಾರೆ. ಪ್ರತಿ ತಿಂಗಳು ಪೆನ್ಶನ್ ತೆಗೆಸಲು ಕರೆದುಕೊಂಡು ಹೋಗುವವನೂ ಅವನೇ. ಇವತ್ತು ಅವರ ಜೊತೆ ನಾನೂ ಹೋದೆ. ಬ್ಯಾಂಕಿನ ಪರವಾಗಿ ದುಡ್ಡು ಕೊಡುವ ನಿರ್ಮಲಮ್ಮನ ಅಂಗಡಿಯಲ್ಲಿ ದೊಡ್ಡಪ್ಪ ಬೆರಳಚ್ಚಿನ ಮೆಷಿನ್ ಮೇಲೆ ಹೆಬ್ಬೆರಳಿಟ್ಟರು, ದುಡ್ಡು ತೆಗೆದ ಚೀಟಿಯೂ ಬಂತು. ಆದರೂ ಮುತ್ತುರಾಜ ಅವರ ಕಿವಿಯಲ್ಲಿ, “ಬೆರಳು ತಗೊಂಡಿಲ್ಲಣ್ಣ, ಇನ್ನೊಂದ್ಸಲ ಒತ್ರಿ,” ಅಂದ.

ಕ್ಲಾಸಿನಲ್ಲಿ “ಪ್ರೆಸೆಂಟ್” ಅನ್ನಲೂ ಹೆದರುವ ನಾನು ಕೇಳಿಯೇ ಬಿಟ್ಟೆ: “ಆಂಟಿ, ಮೊದಲನೇದು ಆಗ್ಲಿಲ್ವಾ?”

“ಆತಲ್ಲಮ್ಮ! ಎರಡನೇ ಸಲ ತೆಗೆಯೋ ದುಡ್ಡು ಮುತ್ತುರಾಜನ ಸಂಬಳಕ್ಕೆ. ಅಣ್ಣಾರೇ ಕೊಡ್ತಾರೆ ಅಂತ ಇವನೇ ಹೇಳಿದ್ನಲ್ಲ?”

ಪೆನ್ಶನ್‌ಗೆ ಬಂದಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ದೊಡ್ಡಪ್ಪ ನಿಧಾನವಾಗಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು.

“ಹಾಸ್ಟೆಲ್ ಹುಡುಗಿ ಮಾತು ಕೇಳ್ತೀರೇನಣ್ಣ?” ಅಂದ ಮುತ್ತುರಾಜ.

“ಇಷ್ಟು ದಿನ ನನ್ನ ಕಿವ್ಯಾಗೆ ಹೇಳ್ತಿದ್ದೆ. ಈಗ ಎಲ್ಲಾರಿಗೂ ಕೇಳೋ ಹಂಗೆ ಹೇಳು, ಎಷ್ಟು ತಿಂಗಳು ಎರಡೆರಡು ಸಲ ಒತ್ತಿಸಿದೆ?”

ತಲೆ ತಗ್ಗಿಸಿ ಏಳು ತಿಂಗಳು ಅಂದ. ಎಲ್ಲ ವಾಪಸ್ ಕೊಡುತ್ತೇನೆ ಎಂದು ಅಷ್ಟು ಜನರ ಮುಂದೆ ಒಪ್ಪಿಕೊಂಡ. ದೊಡ್ಡಪ್ಪ ಅವನನ್ನು ಅಲ್ಲೇ ಕೆಲಸದಿಂದ ಬಿಡಿಸಿದರು.

ಬರುವಾಗ ನನ್ನ ಭುಜ ಹಿಡಿದಿದ್ದರು. ಮುಂದಿನ ತಿಂಗಳು ನಾನಿರಲ್ಲ, ಏನು ಮಾಡ್ತೀರಿ ಅಂದೆ.

“ದಾರಿಗೆ ಯಾರಾದ್ರೂ ಸಿಗ್ತಾರೆ ಬಿಡವ್ವ. ಬೆರಳು ನಂದೇ ಐತಲ್ಲ!”

ಈಗ ಪಕ್ಕದ ಕೋಣೆಯಲ್ಲಿ ರೇಡಿಯೊ ಜೊತೆ ದೊಡ್ಡಪ್ಪನೂ ಜೋರಾಗಿ ಹಾಡುತ್ತಿದ್ದಾರೆ. ಗಲಾಟೆಯೆಂದು ಅಪ್ಪ ಕೂಡ ಬೈಯುತ್ತಿಲ್ಲ. ನನಗೆ ನಿದ್ದೆ ಬರುವ ಹಾಗಿಲ್ಲ. ಬರದಿದ್ದರೆ ಬೇಡ, ಇವತ್ತು ಒಂದು ದಿನ ಹಾಡು ಕೇಳುತ್ತಾ ಎದ್ದಿರುತ್ತೇನೆ.