ಮಹಡಿ ಕೋಣೆಯ ಬಾಡಿಗೆ ವಿಚಾರ

ಫೆಬ್ರವರಿ ೯, ಭಾನುವಾರ

ರೀ,

ಇಷ್ಟು ಬರೆಯುವ ಹೊತ್ತಿಗೇ ಎರಡು ಹಾಳೆ ಹಾಳಾದವು. “ಪ್ರಿಯ” ಎಂದರೆ ನೀವು ನಗುತ್ತೀರಿ, “ಮಾನ್ಯರೇ” ಎಂದರೆ ಕರೆಂಟ್ ಆಫೀಸಿಗೆ ಅರ್ಜಿ ಬರೆದಂತಾಗುತ್ತದೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ಮೂರನೇ ಮಾತಿಗೇ ನಮಗೆ ಜಗಳ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀವು ಬಾಯಿ ಹಾಕುವಂತಿಲ್ಲ.

ನೀವು ಮುನಿಸಿಕೊಂಡು ತಮ್ಮನ ಊರಿಗೆ ಹೋದಮೇಲೆ, ಕ್ಲಾರಿನೆಟ್ ಊದಲೆಂದೇ ನೀವು ಕಟ್ಟಿಸಿದ ಮಹಡಿ ಕೋಣೆಯಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ಮನೆ ಇಬ್ಬರ ಹೆಸರಲ್ಲಿದೆ, ನಿಮ್ಮನ್ನು ಕೇಳಬೇಕಿತ್ತು. ಕೇಳದೆ ಗೇಟಿಗೆ “ಬಾಡಿಗೆಗಿದೆ” ಎಂದು ಬೋರ್ಡು ತೂಗುಹಾಕಿದೆ.

ಮೊದಲು ಬಂದವರು ಒಬ್ಬ ಇನ್ಶೂರೆನ್ಸ್ ಅಧಿಕಾರಿ. ಒಂಟಿ ಮನುಷ್ಯ, ಮಡಿಕೆ ಮುರಿಯದ ಅಂಗಿ. ಹೇಳಿದ ಬಾಡಿಗೆಗೆ ತಕರಾರಿಲ್ಲದೆ ಒಪ್ಪಿ, ಯೋಚಿಸಿ ತಿಳಿಸಿ ಎಂದು ಹೋದರು. ಮರುದಿನ ಬಂದವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಒಗೆಯುವವಳು, ಊರುಗೋಲಿನ ತಾಯಿಯ ಜೊತೆ. ಅವರಿದ್ದ ವಠಾರವನ್ನು ಕೆಡವುತ್ತಿದ್ದಾರಂತೆ.

“ಅಮ್ಮಾ, ಮೊದ್ಲೇ ಹೇಳ್ಬಿಡ್ತೀನಿ,” ಎಂದಳು. “ನನ್ನ ಸಂಬಳ ಕಮ್ಮಿ, ಕೆಲ್ಸ ಕಾಂಟ್ರಾಕ್ಟು. ಇದನ್ನ ಕೇಳಿದ್ಮೇಲೆ ಎಲ್ರೂ, ಮನೆ ಈಗ್ತಾನೆ ಹೋಯ್ತು ಅಂತಾರೆ. ನೀವೂ ಹಾಗನ್ನೋದಾದ್ರೆ ಈಗ್ಲೇ ಅಂದ್ಬಿಡಿ, ನಮ್ಮಮ್ಮನ್ನ ಮೆಟ್ಲು ಹತ್ತಿಸೋ ಕಷ್ಟ ತಪ್ಪುತ್ತೆ.”

ನನ್ನ ನಾಲಿಗೆಯ ತುದಿಯಲ್ಲಿದ್ದದ್ದು ಅದೇ ಮಾತು. ಸಿಕ್ಕಿಬಿದ್ದವಳಂತೆ ನಕ್ಕುಬಿಟ್ಟೆ. ಅವಳೂ ನಕ್ಕಳು, ಅವಳು ನಕ್ಕರೆ ಬೀದಿಯ ಕೊನೆಗೆ ಕೇಳುತ್ತದೆ.

ಆ ಅಜ್ಜಿ ಅರ್ಧ ಮೆಟ್ಟಿಲು ಹತ್ತಿ ಅಲ್ಲೇ ಕೂತುಬಿಟ್ಟರು. “ನಾನಿಲ್ಲೇ ಇರ್ತೀನಿ ಕಣೆ, ನೀನು ಮೇಲೆ ಆರಾಮಾಗಿರು,” ಎಂದರು. ಮೂವರೂ ನಕ್ಕೆವು. ಆಮೇಲೆ ಮಗಳು ತಾಯಿಯನ್ನು ಮೆಲ್ಲಗೆ ಇಳಿಸಿಕೊಂಡು, “ಬರ್ತೀವಮ್ಮಾ,” ಎಂದು ಹೊರಟಳು. ಅಷ್ಟು ಗಟ್ಟಿಯಾಗಿ ನಗುವವಳು ಅಷ್ಟು ಮೆಲ್ಲಗೆ ಮಾತಾಡಿದ್ದು ನನಗೆ ಸಹಿಸಲಾಗಲಿಲ್ಲ.

ಎದುರು ಮನೆಯ ಟೀಚರಮ್ಮ ಬಿಡುತ್ತಾರೆಯೇ? “ಕನಿಕರಕ್ಕೆ ಮನೆ ಕೊಟ್ರೆ, ಬಾಡಿಗೆ ಬದ್ಲು ಕಣ್ಣೀರು ಬರುತ್ತೆ, ನೋಡ್ತಿರಿ!” ಎಂದರು. ನನಗೂ ಭಯವಿತ್ತು. ಕೊಟ್ಟದ್ದನ್ನು ವಾಪಸು ಕೇಳಲು ನನಗೆ ಬಾಯಿ ಬರುವುದಿಲ್ಲ ಎಂಬುದು ನಿಮಗೆ ಗೊತ್ತು. ಕೇಳಲು ನೀವೂ ಇಲ್ಲಿಲ್ಲ.

ಅವಳೆಂಥವಳು ಎಂದು ವಿಚಾರಿಸೋಣವೆಂದು ಆಸ್ಪತ್ರೆಯ ಹಿಂಭಾಗಕ್ಕೆ ಹೋದೆ. ಹಬೆಯೋ ಹಬೆ, ಬೆಟ್ಟದಂತೆ ಚಾದರಗಳು. ಅವಳ ಜೊತೆ ಮಡಿಚುವವಳು ಅಂದು ರಜೆಯಂತೆ. ನಾನು ಮಾತು ತೆಗೆಯುವ ಮೊದಲೇ ಒಂದು ಚಾದರದ ಎರಡು ತುದಿ ನನ್ನ ಕೈಗಿಟ್ಟು, “ಎಳೀರಿ!” ಎಂದಳು. ಎಳೆದೆ. ಇನ್ನೊಂದು ಕೊಟ್ಟಳು. ಬೆವರು ಸುರಿಸಿಕೊಂಡು ಮಡಿಚುತ್ತಲೇ ಕೇಳಿದೆ, “ಬಾಡಿಗೆ ಕೊಡೋಕಾಗ್ದಿದ್ರೆ ಏನ್ಮಾಡ್ತೀಯಾ?”

“ತಡ ಆದ್ರೆ ನಾನೇ ಮುಂಚೆ ಬಂದು ಹೇಳ್ತೀನಿ. ಮುಖ ತಪ್ಪಿಸ್ಕೊಂಡು ಓಡಾಡಲ್ಲ. ನೀವೂ ಅಷ್ಟೇ, ಬಾಯ್ಬಿಟ್ಟು ಕೇಳ್ಬೇಕು. ಮುಖ ಊದಿಸ್ಕೊಂಡು ಕೂತ್ರೆ ನಂಗೆ ಹೇಗಮ್ಮಾ ಗೊತ್ತಾಗುತ್ತೆ?”

ಚಾದರದ ತುದಿ ನನ್ನ ಕೈಯಿಂದ ಜಾರಿತು. ಇಷ್ಟು ವರ್ಷದ ಸಂಸಾರದಲ್ಲಿ ಈ ಮಾತನ್ನು ನೀವೂ ನನಗೆ ಹೇಳಲಿಲ್ಲ, ನಾನೂ ನಿಮಗೆ ಹೇಳಲಿಲ್ಲ, ಅಲ್ಲವೇ?

“ಆದ್ರೆ ಆ ಮೆಟ್ಲು ಹತ್ತೋದು ಅಮ್ಮನ ಕೈಲಾಗಲ್ಲ,” ಎಂದಳು.

“ಕೆಳಗೆ ನೀವಿರಿ, ಮೇಲೆ ನಾನಿರ್ತೀನಿ,” ಎಂದೆ. ಯೋಚಿಸಿ ಆಡಿದ ಮಾತಲ್ಲ. ಆಡಿದ ಮೇಲೆ ಹಗುರವಾಯಿತು. ಬಾಡಿಗೆ ಮಾತ್ರ ಮಹಡಿ ಕೋಣೆಯದೇ. ಅವಳು ಬೇಡವೆಂದು ಜಗಳವಾಡಿದಳು, ನಾನು ಗೆದ್ದೆ.

ಇನ್ಶೂರೆನ್ಸಿನವರಿಗೆ ವಿಷಯ ಹೇಳಿದೆ. “ಪರವಾಗಿಲ್ಲ,” ಎಂದು ನಿಮ್ಮ ಹೆಸರಿಗೊಂದು ಪಾಲಿಸಿ ಮಾಡಿಸುವ ಫಾರಂ ಕೊಟ್ಟುಹೋದರು. ಪಾರಿವಾಳಗಳು ಟೀಚರಮ್ಮನ ಬಾಲ್ಕನಿಗೆ ಮನೆ ಬದಲಾಯಿಸಿವೆ. ಗುರುವಾರ ತಾಯಿ ಮಗಳು ಸಾಮಾನು ತಂದರು. ಅಜ್ಜಿಗೆ ನಮ್ಮ ಹಜಾರದ ಕಿಟಕಿ ತುಂಬ ಹಿಡಿಸಿದೆ. ಹೋಗುವ ಬರುವವರನ್ನೆಲ್ಲ ಮಾತಾಡಿಸುತ್ತಾರೆ. ಈ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತೋ! ಮೇಲಿನಿಂದ ಕೇಳಿಸಿಕೊಳ್ಳುತ್ತಾ ಇದನ್ನು ಬರೆಯುತ್ತಿದ್ದೇನೆ. ಬಾಡಿಗೆ ಪತ್ರಕ್ಕೆ ನಿಮ್ಮ ಸಹಿಯೂ ಬೇಕು.

ನಿಮ್ಮದೇ ಕೋಣೆಯಿಂದ,
ನಿಮ್ಮವಳು

ತಾ. ಕ.: ಸಹಿಯನ್ನು ಅಂಚೆಯಲ್ಲಿ ಕಳಿಸಿದರೂ ನಡೆಯುತ್ತದೆ ಎಂದು ಟೀಚರಮ್ಮ ಹೇಳುತ್ತಾರೆ. ನಡೆಯುವುದಿಲ್ಲ. ನೀವೇ ಬಂದು ಹಾಕಬೇಕು. ಮೊದಲಿನ ಹಾಗೆ ಸಿಟ್ಟು ಬಂದಾಗ ನೀವು ಮೇಲೆ, ನಾನು ಕೆಳಗೆ ಎಂದು ಕೂರಲು ಈಗ ಜಾಗವಿಲ್ಲ. ನಮಗೆ ಉಳಿದಿರುವುದು ಒಂದೇ ಕೋಣೆ, ಒಂದೇ ಮಂಚ. ಅದರಲ್ಲಿ ಕಿಟಕಿ ಕಡೆಯ ಭಾಗ ನನ್ನದು. ಇನ್ನೊಂದು ಭಾಗವನ್ನು ಬಾಡಿಗೆಗೆ ಕೊಟ್ಟಿಲ್ಲ.