ಕಿಟಕಿಯಿಂದ ಚೆಲ್ಲಿದ ಚರಗ

ಕುಷ್ಟಗಿ
20 ಡಿಸೆಂಬರ್ 2025, ಶನಿವಾರ

ನನ್ನ ಮುದ್ದಿನ ಭವಾನಿಗೆ, ನಿಮ್ಮವ್ವ ಕಳಕಮ್ಮ ತಲೆ ಸವರಿ ಮಾಡುವ ಆಶೀರ್ವಾದಗಳು.

ಮೊದಲು ನಿನ್ನ ಕೆಮ್ಮಿನ ಸುದ್ದಿ ಬರಿ. ಕಾರವಾರದ ಆ ಉಪ್ಪು ಗಾಳಿ ನಮ್ಮ ಎರೆಮಣ್ಣಿನ ಎದೆಗೆ ಅಷ್ಟು ಬೇಗ ಒಗ್ಗುವುದಿಲ್ಲ. ಅಜವಾನ ಹುರಿದು ಬಟ್ಟೆಯಲ್ಲಿ ಕಟ್ಟಿ ಮೂಸಿಕೋ, ಶಾಲೆಯಲ್ಲಿ ಮಕ್ಕಳ ಮೇಲೆ ಕೂಗಾಡುವುದನ್ನು ನಾಲ್ಕು ದಿನ ಬಿಡು. ಅಳಿಯ ಕಲ್ಲೇಶಪ್ಪನವರು ಮೀನಿನ ವಾಸನೆಗೆ ಇನ್ನೂ ಮೂಗು ಮುಚ್ಚಿಕೊಂಡೇ ಓಡಾಡುತ್ತಾರೋ ಹೇಗೆ? ನನ್ನ ಮೊಣಕಾಲು ಎಂದಿನಂತೆ ಏಳುವಾಗೊಮ್ಮೆ ಕೂರುವಾಗೊಮ್ಮೆ ಲಟಕ್ ಎನ್ನುತ್ತದೆ, ಉಳಿದಂತೆ ಆರಾಮ. ನಿಮ್ಮಪ್ಪನಂತೂ ನಿನ್ನೆಯಿಂದ ಹದಿನೆಂಟರ ಹುಡುಗನಾಗಿದ್ದಾರೆ. ಫೋನು ಇರುವಾಗ ಪತ್ರ ಯಾಕೆ ಎನ್ನಬೇಡ. ಫೋನಿನಲ್ಲಿ ಮಾತಾಡಿದರೆ ಅವರು ಪಕ್ಕದಲ್ಲೇ ಕಿವಿ ನಿಮಿರಿಸಿ ಕೂರುತ್ತಾರೆ. ಅಂಗನವಾಡಿಯಲ್ಲಿ ಮೂವತ್ತು ವರ್ಷ ರಿಜಿಸ್ಟರ್ ಬರೆದ ಕೈ ಇದು, ಬರೆಯಲು ಕೂತರೆ ಯಾರಿಗೂ ಹೆದರುವುದಿಲ್ಲ.

ಪ್ರತಿ ಸಲ ಫೋನು ಇಡುವ ಮೊದಲು ನೀನು ದನಿ ಇಳಿಸಿ ಒಂದೇ ಮಾತು ಕೇಳುತ್ತೀ, ಅಪ್ಪಗ ನನ್ನ ಮ್ಯಾಲ ಇನ್ನೂ ಸಿಟ್ಟು ಐತೇನು ಅಂತ. ನಾನು ಪ್ರತಿ ಸಲ ಇಲ್ಲ ಎನ್ನುತ್ತೇನೆ, ನೀನು ನಂಬುವುದಿಲ್ಲ. ನನಗೂ ನಿಜ ಗೊತ್ತಿರಲಿಲ್ಲ ಮಗಳೇ. ಹತ್ತು ವರ್ಷದ ಹಿಂದೆ ಹೊಲ ಕೇಳಿ ರೈಲಿನವರ ನೋಟಿಸು ಬಂದಾಗ ಅವರು ಮೂರು ದಿನ ಊಟ ಬಿಟ್ಟು ಕೂತಿದ್ದರು. ನೀನು ಆಗ ಡಿಗ್ರಿ ಮೊದಲ ವರ್ಷ. ನೋಟಿಸನ್ನು ಓದಿ ಹೇಳಿ, ಕೈಗೆ ಪೆನ್ನು ಕೊಟ್ಟು, "ಸಹಿ ಮಾಡಪಾ, ಗಾಡಿ ಬರ್ಲಿ. ಹಾಸ್ಟೆಲ್ ಬಿಟ್ಟು ದಿನಾ ಮನಿಯಿಂದನ ಕಾಲೇಜಿಗಿ ಹೋಗಿ ಬರ್ತೀನಿ" ಅಂದಿದ್ದೆ. ಅವರು ಸಹಿ ಮಾಡಿದರು. ಹೊಲದ ನಟ್ಟನಡುವೆ ಹಳಿ ಹಾಯ್ದು ಆಚೆ ಒಂದು ತುಂಡು, ಈಚೆ ಒಂದು ತುಂಡು ಆಯಿತು. ಗಾಡಿ ಮಾತ್ರ ಬರಲಿಲ್ಲ. ನಿನ್ನ ಡಿಗ್ರಿ ಮುಗಿಯಿತು, ಬಿಎಡ್ ಮುಗಿಯಿತು, ಮದುವೆಯೂ ಆಯಿತು, ಆಮೇಲೆ ನಿಧಾನಕ್ಕೆ ಬಂತು.

ಆ ಸಹಿಯ ವರ್ಷದಿಂದ ಅವರು ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲುವುದನ್ನು ಬಿಟ್ಟರು. ಊರೆಲ್ಲ ಬಂಡಿ ಕಟ್ಟಿಕೊಂಡು, ಕಡಬು ಭಜ್ಜಿ ಹೊತ್ತುಕೊಂಡು ಬಸುರಿ ಭೂಮ್ತಾಯಿಗೆ ಉಣಿಸಲು ಹೋದರೆ ಇವರು ಕೌದಿ ಹೊದ್ದು ಮಲಗುವರು. ಬಿತ್ತುತ್ತಿದ್ದರು, ರಾಶಿ ಮಾಡುತ್ತಿದ್ದರು, ಚರಗದ ಮಾತು ತೆಗೆದರೆ ಮಾತ್ರ ಎದ್ದು ಹೋಗುತ್ತಿದ್ದರು. ಅದನ್ನೇ ನೋಡಿ ನೀನು ಈ ಹಬ್ಬಕ್ಕೆ ಬರುವುದನ್ನು ಬಿಟ್ಟೆ. ಪಂಚಮಿಗೆ ಬಂದರೂ ಎರಡೇ ದಿನ. ಈ ವರ್ಷ ಮೇ ತಿಂಗಳಲ್ಲಿ ಗಾಡಿ ಶುರುವಾದಾಗ, ಅದನ್ನು ಹತ್ತಿದರೆ ನನ್ನ ಹೆಸರು ಈಶಪ್ಪನೇ ಅಲ್ಲ ಎಂದು ಕಟ್ಟೆಯ ಮೇಲೆ ಹತ್ತು ಜನರೆದುರು ಸಾರಿ ಬಂದರು.

ಆ ಹಟ ಮುರಿದವಳು ಪಕ್ಕದ ಮನೆಯ ರಜಿಯಾಬೇಗಂ. ಆಕೆ ಬಳೆ ತರಲು ಪ್ರತಿ ಶುಕ್ರವಾರ ಬೆಳಗಿನ ಗಾಡಿಗೆ ಗದಗಿಗೆ ಹೋಗುತ್ತಾಳೆ. ಹೋದ ವಾರ ನಮ್ಮ ಕಟ್ಟೆಗೆ ಕೂತು ಚಹಾ ಕುಡಿಯುತ್ತಾ, "ಈಶಪ್ಪಣ್ಣಾ, ನಿಮ್ಮ ಹೊಲಾ ಗಾಡಿ ಮ್ಯಾಲಿಂದ ನೋಡೀರೇನ್ರಿ? ಏನ್ ಛಂದ ಕಾಣ್ತೈತ್ರಿ" ಅಂದಳು. ಅಷ್ಟೇ. ಎಪ್ಪತ್ತು ವರ್ಷ ತುಳಿದ ಹೊಲವನ್ನು ತಾವು ನೋಡದ ಕಡೆಯಿಂದ ಬಳೆಗಾರ್ತಿ ನೋಡಿದಳಲ್ಲ ಎಂದು ಅವರಿಗೆ ಎರಡು ದಿನ ನಿದ್ದೆ ಇಲ್ಲ. ಕಾದ ಹಂಚಿಗೆ ರೊಟ್ಟಿ ಬಡಿದಂತೆ ನಾನೂ ಹೇಳಿದೆ: ಈ ಸಲ ಅಮಾವಾಸ್ಯೆ ಶುಕ್ರವಾರವೇ ಬಂದಿದೆ, ಹೊಲಕ್ಕೆ ಹೋಗೋಣ, ಬಂಡಿಯ ಬದಲು ರೈಲು ಅಷ್ಟೇ. ನಿನ್ನೆ ಕೋಳಿ ಕೂಗುವ ಮೊದಲೇ ಜಳಕ ಮಾಡಿ ತಲೆಗೆ ಪಟಗ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಗಾಡಿ ಎಷ್ಟು ಖಾಲಿ ಅಂತೀ! ನಮ್ಮ ಜನಕ್ಕೆ ಬಸ್ಸಿನಲ್ಲಿ ನೂಕಾಡದಿದ್ದರೆ ಪ್ರಯಾಣ ಮಾಡಿದಂತೆಯೇ ಅನಿಸುವುದಿಲ್ಲ. ಒಂದು ಡಬ್ಬಿಗೆ ರಜಿಯಾಬೇಗಂ ಸೇರಿ ನಾವು ಮೂವರು, ಮೂಲೆಯಲ್ಲಿ ಕರಣಿಯ ಚೀಲ ತಲೆಗಿಟ್ಟು ನಿದ್ದೆ ಹೋದ ಒಬ್ಬ ಗೌಂಡಿ, ಅಷ್ಟೇ. ನಿಮ್ಮಪ್ಪ ಹತ್ತಿದವರೇ ಚಪ್ಪಲಿ ಬಿಟ್ಟರು. ಕೂರ್ರಿ ಅಂದರೆ ಚರಗ ಚೆಲ್ಲುವ ಮೊದಲು ಹೊಲದಲ್ಲಿ ಯಾರಾದರೂ ಕೂರುತ್ತಾರೇನು ಎಂದು ನನ್ನನ್ನೇ ಗದರಿದರು. ಟಿಕೆಟ್ ನೋಡುವವನು ಬಂದು ಬಾಗಿಲ ಹತ್ತಿರ ನಿಲ್ಲಬೇಡಿರೆಂದ. ಸರಿ, ಕಿಟಕಿಯ ಸರಳು ಹಿಡಿದು ನಿಂತರು. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಎಳ್ಳು ಹೂರಣದ ಕಡಬು ಎಲ್ಲ ಕಲಸಿದ ಚರಗ. ಬೇರೆ ಗಂಟಿನಲ್ಲಿ ನಮ್ಮ ಬುತ್ತಿ. ಗಾಡಿ ಹೊರಟಿತು. ಭವಾನಿ, ಇದೇ ದಾರಿಯಲ್ಲಿ ನಾನು ಸಾವಿರ ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಒಂದು ದಿನವೂ ಇದನ್ನು ನೋಡಿರಲಿಲ್ಲ. ದಾಳಿಂಬೆ ತೋಟಗಳ ಮೇಲೆ ಇಬ್ಬನಿ, ಗುಡ್ಡದ ಮೇಲೆ ಗಾಳಿ ಫ್ಯಾನುಗಳು, ಗಾಡಿ ಕೂಗಿದ್ದಕ್ಕೆ ಒಟ್ಟಿಗೆ ತಲೆ ಎತ್ತಿದ ಕುರಿಹಿಂಡು, ತೆನೆ ಬಿಚ್ಚುತ್ತಿರುವ ಬಿಳಿಜೋಳ. ನನಗೆ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಲಿಂಗನಬಂಡಿ ದಾಟಿತು. ನಿಮ್ಮಪ್ಪ ಹಿಡಿ ತುಂಬ ಚರಗ ಹಿಡಿದು ತಯಾರಾದರು.

ಅಲ್ಲಿಯೇ ಯಡವಟ್ಟಾಯಿತು. ನೆಲದ ಮೇಲೆ ನಿಂತು ನೋಡಿದ ಗುರುತುಗಳು ಒಂದೂ ಮೇಲಿಂದ ಕಾಣಲಿಲ್ಲ. ಬದುವಿನ ಬನ್ನಿಗಿಡವನ್ನು ಹಳಿ ಹಾಕುವಾಗಲೇ ಕಡಿದಿದ್ದರು. ಅವರಿಗೆ ಎತ್ತಿನ ಲೆಕ್ಕ ಗೊತ್ತು, ಹೊಲ ದಾಟಲು ಅರ್ಧ ತಾಸು ಬೇಕು. ಗಾಡಿಗೆ ನಾಲ್ಕು ಉಸಿರು ಸಾಕು. "ಬಂತು, ಬಂತು" ಎನ್ನುತ್ತಲೇ ಇದ್ದರು. ನಾನು ಬಾವಿ ನೋಡಿ ಚೀರಿದಾಗ "ಹುಲ್ಲುಲ್ಲಿಗೋ" ಎಂದು ಚರಗದ ಕೂಗು ಹಾಕಿ ಬುಟ್ಟಿ ಖಾಲಿಯಾಗುವವರೆಗೆ ಎಸೆದರು, ರಜಿಯಾಬೇಗಂ ಹಿಂದಿನಿಂದ "ಚಲ್ಲಾಂಬ್ರಿಗೋ" ಎಂದು ನನಗಿಂತ ಜೋರಾಗಿ ಓಗೊಟ್ಟಳು. ಆದರೆ ಆ ಬಾವಿ ನಮ್ಮದಲ್ಲ, ಜಿಲಾನಸಾಬನದು. ಬದುವಿನ ಸಲುವಾಗಿ ಇಪ್ಪತ್ತು ವರ್ಷ ನಿಮ್ಮಪ್ಪನ ಕೂಡ ಮಾತು ಬಿಟ್ಟವನ ಹೊಲ. ನಮ್ಮ ಹೊಲ ಆಗಲೇ ಹಿಂದೆ ಸರಿದು ಹೋಗಿತ್ತು. ಇಡೀ ಬುಟ್ಟಿ ಚರಗ ಅವನ ಕಡಲೆಯ ಮೇಲೆ.

ನಾನು ಸೆರಗು ಬಾಯಿಗೆ ಒತ್ತಿ ನಗು ತಡೆದೆ. ನಿಮ್ಮಪ್ಪ ನಗಲಿಲ್ಲ. ಸೀಟಿನ ಮೇಲೆ ಕುಸಿದು, ನನ್ನ ಮುಖ ನೋಡದೆ, ಹತ್ತು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟು ಹೇಳಿದರು: "ಆಕಿ ನನ್ನ ಕೈಲೆ ಉಣ್ಣೂದಿಲ್ಲ ಬಿಡು. ಬಸುರಿ ತಾಯಿ ಹೊಟ್ಟಿ ಮ್ಯಾಲ ಹಳಿ ಗೀಟು ಹೊಡಿಸೀನಿ. ಮತ್ತ ಯಾವ ಮುಖಾ ಹೊತ್ತು ಊಟಕ್ಕ ಕರೀಲಿ?"

ಕೇಳಿದೆಯಾ ಮಗಳೇ? ಅದು ಸಿಟ್ಟಲ್ಲ, ನಾಚಿಕೆ. ನಿನ್ನ ಮೇಲಲ್ಲ, ತಮ್ಮ ಮೇಲೆಯೇ. ಹತ್ತು ವರ್ಷ ಒಂದೇ ಸೂರಿನಡಿ ರೊಟ್ಟಿ ತಟ್ಟಿ ಹಾಕಿದ ನನಗೇ ತಿಳಿಯಲಿಲ್ಲ, ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಅಷ್ಟರಲ್ಲಿ ಯಲಬುರ್ಗಾ ಬಂತು. ಆರೇಳು ಹುಡುಗಿಯರು ಚೀಲ ಹೆಗಲಿಗೇರಿಸಿ, ಹಬ್ಬ ಇದ್ದರೂ ಪರೀಕ್ಷೆ ಇಟ್ಟ ಮಾಸ್ತರರನ್ನು ಬೈಯುತ್ತಾ ಹತ್ತಿದರು. ಒಬ್ಬಳು ನಿಮ್ಮಪ್ಪನ ಎದುರಿಗೇ ಕೂತು ಪುಸ್ತಕ ತೆಗೆದಳು. ಶರಣಬಸಮ್ಮ ಅಂತ ಹೆಸರು. ಎಲ್ಲಿಗೆ ಹೋಗುತ್ತೀ, ಎಲ್ಲಿ ಉಳಿಯುತ್ತೀ ಎಂದು ಇವರ ವಿಚಾರಣೆ ಶುರುವಾಯಿತು. ಗದಗಿನ ಕಾಲೇಜಂತೆ. "ಉಳಿಯೂದು ಎಲ್ಲೂ ಇಲ್ಲಜ್ಜಾ, ರಾತ್ರಿ ಊಟಕ್ಕ ಮನ್ಯಾಗ ಇರ್ತೀನಿ. ಗಾಡಿ ಇರ್ಲಿಲ್ಲಂದ್ರ ನಮ್ಮಪ್ಪ ಸಾಲಿ ಬಿಡಿಸ್ತಿದ್ದ" ಅಂದಳು. ನೀನು ಅಂದು ಪೆನ್ನು ಕೊಡುತ್ತಾ ಹೇಳಿದ್ದೂ ಇದೇ ಅಲ್ಲವೇನೇ? ನಿಮ್ಮಪ್ಪ ಬಹಳ ಹೊತ್ತು ಆ ಹುಡುಗಿಯ ಪುಸ್ತಕವನ್ನೇ ನೋಡಿದರು. ಆಮೇಲೆ ಬುತ್ತಿಯ ಗಂಟು ತಾವೇ ಬಿಚ್ಚಿ ಅವಳ ಕೈಗೆ ಮೊದಲ ಕಡಬು ಇಟ್ಟರು, ಉಳಿದವರಿಗೂ ಕೊಟ್ಟರು, ಮಲಗಿದ್ದ ಗೌಂಡಿಯನ್ನೂ ಎಬ್ಬಿಸಿ ಕೊಟ್ಟರು. "ಭೂಮ್ತಾಯಿ ಈ ಹುಡುಗ್ಯಾರನ್ನೆಲ್ಲಾ ಹೊತ್ತಾಳ ನೋಡು. ನಮ್ಮ ಭವಾನಿ ಹೇಳಿದ್ದು ಖರೆ ಆತು" ಅಂದರು. ಆಮೇಲೆ ಜಿಲಾನಸಾಬನ ಕಡಲೆ ನೆನಪಾಗಿ ನಗಲು ಶುರು ಮಾಡಿದವರು ಕುಕನೂರು ಬಂದರೂ ನಿಲ್ಲಿಸಲಿಲ್ಲ. ಅಲ್ಲಿ ನಾವಿಬ್ಬರೂ ಇಳಿದು ಮಹಾಮಾಯೆಗೆ ಕಾಯಿ ಒಡೆಸಿ, ಬಸ್ಸಿನಲ್ಲಿ ನೂಕಾಡಿಕೊಂಡು ಮನೆಗೆ ಬಂದೆವು.

ಸಂಜೆ ಬಾಗಿಲಲ್ಲಿ ಯಾರಿದ್ದರೆನ್ನುತ್ತೀ? ಜಿಲಾನಸಾಬ, ಕೈಯಲ್ಲಿ ಒಂದು ಹೊರೆ ಹಸಿ ಕಡಲೆ. ಬೆಳಗ್ಗೆ ಹೊಲದಲ್ಲಿ ನಿಂತಿದ್ದಾಗ ಯಾರೋ ತಲೆ ಮೇಲೆ ಬದನೆಕಾಯಿ ಪಲ್ಯ ಸುರಿದರಲ್ಲ ಎಂದು ನೋಡಿದರೆ ಕಿಟಕಿಯಲ್ಲಿ ಈಶಪ್ಪನ ಪಟಗ ಕಂಡಿತಂತೆ. "ಇಪ್ಪತ್ತು ವರ್ಷದ ಮ್ಯಾಲ ಊಟಕ್ಕ ಕರದೀಯಲ್ಲೋ, ಅದಕ್ಕ ಬಂದೆ" ಅಂದ. "ಬದು ನಾವು ಹಾಕಿದ್ದಪ್ಪಾ, ಭೂಮ್ತಾಯಿ ಹಾಕಿದ್ದಲ್ಲ. ಬಾ ಒಳಗ" ಅಂದರು ನಿಮ್ಮಪ್ಪ. ಇಬ್ಬರೂ ಕೂತು ಉಳಿದ ರೊಟ್ಟಿಯನ್ನೆಲ್ಲ ಖಾಲಿ ಮಾಡಿದರು, ನನಗೆ ಅರ್ಧ ಕಡಬೂ ಉಳಿಯಲಿಲ್ಲ.

ಅಳಿಯಂದಿರಿಗೆ ನಮ್ಮ ಶರಣು ಹೇಳು. ಗವಿಸಿದ್ಧಪ್ಪಜ್ಜ ನಿಮ್ಮಿಬ್ಬರನ್ನೂ ತಂಪಾಗಿ ಇಟ್ಟಿರಲಿ.

ನಿನ್ನ ಅವ್ವ,
ಕಳಕಮ್ಮ

ತಾ.ಕ.: ಪೋಸ್ಟಿನ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಬೆಳಗ್ಗೆ ನಿಮ್ಮಪ್ಪ ಟ್ರಂಕಿನಿಂದ ನಿನ್ನ ಕಾಲೇಜಿನ ಕೆಂಪು ಓಢಣಿ ತೆಗೆದು, ಬಿದಿರಿನ ಗಳಕ್ಕೆ ಕಟ್ಟಿ, ಹೊಲದಲ್ಲಿ ನೆಟ್ಟು ಬಂದರು. ನೀನು ಸಂಕ್ರಾಂತಿಗೆ ಗಾಡಿಯಲ್ಲಿ ಬರುವಾಗ ಅವರ ಹಾಗೆ ಹೊಲ ತಪ್ಪಬಾರದಂತೆ. ಹುಬ್ಬಳ್ಳಿಯಿಂದ ಬರುವುದು ಸಂಜೆಯ ಗಾಡಿ, ನಮ್ಮ ಹೊಲಕ್ಕೆ ಬರುವಷ್ಟರಲ್ಲಿ ಕತ್ತಲು, ಯಾವ ಓಢಣಿ ಕಾಣುತ್ತದೆ ಎಂದು ನಾನು ನಕ್ಕೆ. ಎದ್ದು ಹೋಗಿ ಅಟ್ಟದಿಂದ ಕಂದೀಲು ಇಳಿಸಿದರು. ಈಗ ಅಂಗಳದಲ್ಲಿ ಕೂತು ಅದರ ಗಾಜು ಒರೆಸುತ್ತಿದ್ದಾರೆ. "ಎಡಗಡಿ ಕಿಟಕಿಗಿ ಕುಂದ್ರು ಅಂತ ಬರಿ. ಕಂದೀಲ ಹಿಡಕೊಂಡು ನಾನ ನಿಂತಿರ್ತೀನಿ" ಎನ್ನುತ್ತಿದ್ದಾರೆ.